ಇಂಗ್ಲಿಷ್ ಬರಹದ ವರಸೆಗಳು: ನೀವು ಕೇಳಿದ್ದು, ನಾನು ಹೇಳಿದ್ದು

ಹೋದ ಸಂಚಿಕೆಯಲ್ಲಿ ಇಂಗ್ಲಿಷ್ ಬರವಣಿಗೆ ಬಗ್ಗೆ ಏನಾದರೂ ಕೇಳಿ ಅಂದಿದ್ದೇ ತಡ, ಪ್ರಶ್ನೆಗಳ ರಾಶಿ ಬಿದ್ದಿದೆ. ಬರೀ ವ್ಯಾಕರಣದ ಪ್ರಶ್ನೆಗಳನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ಶೈಲಿ, ಅಲಂಕಾರ, ಮಾತಿನ ವರಸೆ ಇವಕ್ಕೆ ಸೇರಿದ್ದನ್ನು ಮಾತ್ರ ಈ ಸಲ ತೆಗೆದುಕೊಂಡಿದ್ದೇನೆ. ಇಂಗ್ಲಿಷ್ ಸಾಲುಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಸ್ವಲ್ಪ ಜೋರಾಗಿ ಓದಿಕೊಳ್ಳಿ, ಕಿವಿಗೆ ಬಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸರ್, ಭಾಷಣ ಸ್ಪರ್ಧೆಗೆ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದೆ. ಒಂದೇ ಮಾತು ನಾಲ್ಕು ಸಲ ಬಂದಿದೆ ಅಂತ ಲೆಕ್ಚರರ್ ಕೆಂಪು ಗೆರೆ ಎಳೆದರು. ದೊಡ್ಡವರ ಭಾಷಣಗಳಲ್ಲೆಲ್ಲ ಅದೇ ಮಾತು ಮತ್ತೆ ಮತ್ತೆ ಬರುತ್ತಲ್ಲ? ಅವರಿಗೊಂದು ನ್ಯಾಯ, ನಮಗೊಂದು ನ್ಯಾಯವಾ?
(ಪದವಿ ವಿದ್ಯಾರ್ಥಿನಿ)

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ನಾಲ್ಕು ಸಾಲು ನನಗೆ ಕಳಿಸಿಲ್ಲ ನೀವು, ಹಾಗಾಗಿ ತೀರ್ಪು ಕೊಡುವುದು ಕಷ್ಟ. ಮರುಕಳಿಕೆ ಎರಡು ತರಹ. ಬೇರೆ ಮಾತು ಸಿಗದೆ ಬಂದದ್ದು ಒಂದು, ಬೇಕು ಅಂತಲೇ ತಂದದ್ದು ಇನ್ನೊಂದು. ಕೇಳುವವರಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

1940ರ ಜೂನ್ 4ರಂದು ಚರ್ಚಿಲ್ ಬ್ರಿಟಿಷ್ ಸಂಸತ್ತಿನಲ್ಲಿ ಆಡಿದ ಮಾತು ನಿಮಗೆ ಗೊತ್ತೇ ಇರುತ್ತದೆ. 'ವಿ ಶಲ್ ಫೈಟ್ ಆನ್ ದ ಬೀಚಸ್, ವಿ ಶಲ್ ಫೈಟ್ ಆನ್ ದ ಲ್ಯಾಂಡಿಂಗ್ ಗ್ರೌಂಡ್ಸ್, ವಿ ಶಲ್ ಫೈಟ್ ಇನ್ ದ ಫೀಲ್ಡ್ಸ್ ಅಂಡ್ ಇನ್ ದ ಸ್ಟ್ರೀಟ್ಸ್, ವಿ ಶಲ್ ಫೈಟ್ ಇನ್ ದ ಹಿಲ್ಸ್; ವಿ ಶಲ್ ನೆವರ್ ಸರೆಂಡರ್.' ಸಾಲಿನ ಶುರುವಿನಲ್ಲಿ ಅದೇ ಮಾತು ಬರುವ ಈ ವರಸೆಗೆ ಅನಾಫೊರಾ ಅಂತ ಹೆಸರು. ಹೆಸರು ಬಿಡಿ, ಜಾಗಗಳನ್ನು ನೋಡಿ. ಮೊದಲು ಕಡಲತೀರ, ಆಮೇಲೆ ಇಳಿಯುವ ಬಯಲು, ಆಮೇಲೆ ಹೊಲ ಮತ್ತು ಬೀದಿ, ಕೊನೆಗೆ ಗುಡ್ಡ. ಅಂದರೆ ಒಂದೊಂದು ತುಣುಕಿಗೂ ಶತ್ರು ಒಳಗೊಳಗೆ ಬರುತ್ತಿದ್ದಾನೆ, ನಾವು ಹಿಂದೆ ಸರಿಯುತ್ತಿದ್ದೇವೆ! ಸೋಲಿನ ನಕ್ಷೆ ಅದು. ಫ್ರಾನ್ಸಿನ ಡನ್‌ಕರ್ಕ್‌ನಿಂದ ಬ್ರಿಟಿಷ್ ಸೈನ್ಯ ಹೇಗೋ ಪಾರಾಗಿ ಬಂದ ಹೊತ್ತು ಬೇರೆ. ಆದರೆ 'ವಿ ಶಲ್ ಫೈಟ್' ಮಾತ್ರ ಇದ್ದಲ್ಲೇ ಇದೆ, ಅಲುಗುತ್ತಿಲ್ಲ. ನೆಲ ಹೋಗುತ್ತಿದ್ದರೂ ಪಟ್ಟು ಹೋಗಿಲ್ಲ ಅನ್ನುವುದನ್ನು ಆ ಮರುಕಳಿಕೆಯೇ ಹೇಳುತ್ತಿದೆ, ಬೇರೆ ವಿವರಣೆ ಬೇಕಾಗಿಲ್ಲ. ಕೊನೆಯ ತುಣುಕಿನಲ್ಲಿ 'ಫೈಟ್' ಬಿಟ್ಟು 'ನೆವರ್ ಸರೆಂಡರ್' ಬರುತ್ತದೆ, ಅಷ್ಟು ಹೊತ್ತು ಒಂದೇ ತಾಳಕ್ಕೆ ಒಗ್ಗಿದ್ದ ಕಿವಿ ಅಲ್ಲಿ ಥಟ್ಟನೆ ನಿಲ್ಲುತ್ತದೆ.

ಲಿಂಕನ್ ಇದನ್ನೇ ತಿರುಗಿಸಿ ಮಾಡಿದರು. 1863ರ ನವೆಂಬರ್ 19, ಗೆಟಿಸ್‌ಬರ್ಗ್. 'ಆಫ್ ದ ಪೀಪಲ್, ಬೈ ದ ಪೀಪಲ್, ಫಾರ್ ದ ಪೀಪಲ್.' ಇಲ್ಲಿ ಮರುಕಳಿಸುವ ಮಾತು ತುಣುಕಿನ ಕೊನೆಗಿದೆ, ಬದಲಾಗುವುದು ಶುರುವಿನ ಪುಟ್ಟ ಪದ. ಇಡೀ ಭಾಷಣ ಸುಮಾರು 270 ಪದ, ಎರಡು ಮೂರು ನಿಮಿಷದ್ದು. ಅವರಿಗಿಂತ ಮೊದಲು ಮಾತಾಡಿದ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತಾಡಿದ್ದರು, ಪಾಪ.

ಇನ್ನೊಂದು ಉಪಯೋಗ ಇದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಮರುಕಳಿಕೆ ಮಾತಾಡುವವರಿಗೆ ಉಸಿರಾಡಲು, ಮುಂದಿನದನ್ನು ಯೋಚಿಸಲು ಸಮಯ ಕೊಡುತ್ತದೆ. 1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಆಡಿದ 'ಐ ಹ್ಯಾವ್ ಎ ಡ್ರೀಮ್' ಭಾಗ ಅವರು ಬರೆದು ತಂದಿದ್ದ ಪ್ರತಿಯಲ್ಲಿ ಇರಲೇ ಇಲ್ಲ. ಹತ್ತಿರದಲ್ಲಿದ್ದ ಗಾಯಕಿ ಮಹೇಲಿಯಾ ಜಾಕ್ಸನ್ 'ಕನಸಿನ ಬಗ್ಗೆ ಹೇಳಿ' ಅಂತ ಕೂಗಿದರು ಅನ್ನುತ್ತಾರೆ. ಕಿಂಗ್ ಕಾಗದ ಬಿಟ್ಟು ಮಾತಾಡತೊಡಗಿದರು. ಅವರು ಪಾದ್ರಿ, ಈ ವರಸೆ ಬಾಯಲ್ಲೇ ಇತ್ತು. ಪ್ರತಿ ಸಲ 'ಐ ಹ್ಯಾವ್ ಎ ಡ್ರೀಮ್' ಅನ್ನುವಷ್ಟರಲ್ಲಿ ಮುಂದಿನ ಚಿತ್ರ ಸಿದ್ಧವಾಗಿರುತ್ತಿತ್ತು.

ಈಗ ನಿಮ್ಮ ಭಾಷಣ ತೆಗೆದು ನೋಡಿ. ಮತ್ತೆ ಬಂದ ಮಾತು ನಿಮ್ಮ ಮುಖ್ಯ ಮಾತೇನಾ? ಅದರ ಜೊತೆಗಿರುವುದು ಪ್ರತಿ ಸಲ ಮುಂದಕ್ಕೆ ಹೋಗುತ್ತಿದೆಯಾ? ಎರಡಕ್ಕೂ ಹೌದು ಅಂದರೆ ಲೆಕ್ಚರರ್ ಹತ್ತಿರ ಹೋಗಿ ಧೈರ್ಯವಾಗಿ ಕೇಳಿ. 'ವೆರಿ ಇಂಪಾರ್ಟೆಂಟ್' ಅನ್ನುವುದು ನಾಲ್ಕು ಸಲ ಬಂದಿದೆ ಅಂತಾದರೆ, ಕೆಂಪು ಗೆರೆ ಸರಿಯಾಗಿಯೇ ಇದೆ.

ನನ್ನ ಇಂಗ್ಲಿಷಿನಲ್ಲಿ ತಪ್ಪಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆದರೂ ಓದಿದರೆ ಸಪ್ಪೆ. ಯಾಕೆ?
(ಕಚೇರಿಯಲ್ಲಿ ವರದಿ ಬರೆಯುವವರು)

ನೀವು ಕಳಿಸಿದ ಪುಟ ಓದಿದೆ. ಕಾರಣ ಬಹುಪಾಲು ಒಂದೇ: ವಾಕ್ಯದ ಕೊನೆಯನ್ನು ನೀವು ಹಾಳು ಮಾಡಿಕೊಳ್ಳುತ್ತಿದ್ದೀರಿ.

ಇಂಗ್ಲಿಷ್ ವಾಕ್ಯದಲ್ಲಿ ಒತ್ತು ಬೀಳುವ ಜಾಗ ಕೊನೆ. ಈ ಸಾಲು ನೋಡಿ: 'ದ ಪೊಲೀಸ್ ಫೌಂಡ್ ದ ಮನಿ ಅಂಡರ್ ದ ಜಡ್ಜಸ್ ಬೆಡ್ ಆನ್ ಟ್ಯೂಸ್‌ಡೇ ಮಾರ್ನಿಂಗ್.' ಜಡ್ಜ್ ಮಂಚದ ಕೆಳಗೆ ದುಡ್ಡು ಸಿಕ್ಕಿದೆ, ಆದರೆ ವಾಕ್ಯ ಮುಗಿಯುವ ಹೊತ್ತಿಗೆ ನಾವು ಮಂಗಳವಾರದ ಬಗ್ಗೆ ಯೋಚಿಸುತ್ತಿದ್ದೇವೆ. 'ಆನ್ ಟ್ಯೂಸ್‌ಡೇ ಮಾರ್ನಿಂಗ್' ಅನ್ನುವುದನ್ನು ಎತ್ತಿ ವಾಕ್ಯದ ಶುರುವಿಗೆ ಹಾಕಿ, 'ಬೆಡ್' ಮೇಲೆ ನಿಲ್ಲಿಸಿ. ಒಂದು ಪದವೂ ಬದಲಾಗಲಿಲ್ಲ, ಸಾಲು ಎದ್ದು ಕೂತಿತು.

ಕನ್ನಡ ಬರೆಯುವವರು ಇಲ್ಲೇ ಎಡವುವುದಕ್ಕೆ ಕಾರಣ ಇದೆ. ನಮ್ಮ ವಾಕ್ಯದ ಕೊನೆಗೆ ಸಾಮಾನ್ಯವಾಗಿ ಕ್ರಿಯಾಪದ ಬಂದು ಕೂರುತ್ತದೆ, ಅದು ಅದರ ಜಾಗ. ಹಾಗಾಗಿ ಕೊನೆಗೆ ಏನಿಡಬೇಕು ಅಂತ ನಾವು ತಲೆ ಕೆಡಿಸಿಕೊಳ್ಳುವುದೇ ಕಮ್ಮಿ. ಬೇಕಾದಾಗ ನಾವೂ ಮಾಡುತ್ತೇವೆ ಅನ್ನಿ. 'ದುಡ್ಡು ಸಿಕ್ಕಿದ್ದು ಎಲ್ಲಿ ಗೊತ್ತಾ? ಜಡ್ಜ್ ಮಂಚದ ಕೆಳಗೆ!' ಅಂತ ಹೇಳುವಾಗ ಕ್ರಿಯಾಪದವನ್ನು ಮೊದಲಿಗೆ ತಂದು ಕೊನೆಯನ್ನು ಖಾಲಿ ಮಾಡಿಕೊಂಡಿರುತ್ತೇವೆ. ಇಂಗ್ಲಿಷಿನಲ್ಲಿ ಆ ಕೊನೆ ಸದಾ ಖಾಲಿ ಇರುತ್ತದೆ, ಏನನ್ನು ಬೇಕಾದರೂ ಇಡಬಹುದು. ಅಂಥ ಜಾಗದಲ್ಲಿ ನೀವು 'ಇನ್ ದಿಸ್ ರಿಗಾರ್ಡ್', 'ಆಸ್ ವೆಲ್', 'ಎಟ್ಸೆಟ್ರಾ' ಇಡುತ್ತಿದ್ದೀರಿ. ನಿಮ್ಮ ಒಂದೇ ಪುಟದಲ್ಲಿ ಮೂರೂ ಇವೆ.

ಇನ್ನೊಂದು, 'ಹ್ಯಾವಿಂಗ್' ಸರಮಾಲೆ. 'ಹ್ಯಾವಿಂಗ್ ವಿಸಿಟೆಡ್ ದ ಸೈಟ್ ಅಂಡ್ ಹ್ಯಾವಿಂಗ್ ಚೆಕ್ಡ್ ದ ರಿಜಿಸ್ಟರ್ ಅಂಡ್ ಹ್ಯಾವಿಂಗ್ ಸ್ಪೋಕನ್...' ಇದು ಹೋಗಿ, ನೋಡಿ, ಮಾತಾಡಿ, ಬಂದು ಅನ್ನುವ ನಮ್ಮ ಓಟ. ಕನ್ನಡದಲ್ಲಿ ನೀರಿನ ಹಾಗೆ ಹರಿಯುತ್ತದೆ, ಇಂಗ್ಲಿಷಿನಲ್ಲಿ ಏದುಸಿರು ಬಿಡುತ್ತದೆ. ಮುರಿದು ಎರಡು ಮೂರು ವಾಕ್ಯ ಮಾಡಿ. ಮುರಿದಷ್ಟೂ ನಿಮಗೆ ಕೊನೆಗಳು ಜಾಸ್ತಿ ಸಿಗುತ್ತವೆ, ಒತ್ತು ಕೊಡುವ ಜಾಗ ಜಾಸ್ತಿ ಆಗುತ್ತದೆ.

ಭಾಷಣಗಳಲ್ಲಿ ಎಲ್ಲವನ್ನೂ ಮೂರು ಮೂರಾಗಿಯೇ ಹೇಳುವುದು ಯಾಕೆ? ಎರಡು, ನಾಲ್ಕು ಆದರೆ ಏನಾಗುತ್ತದೆ?

ಏನೂ ಆಗುವುದಿಲ್ಲ, ಜನ ಒಂದನ್ನು ಮರೆತುಬಿಡುತ್ತಾರೆ ಅಷ್ಟೆ. ಸುಮ್ನೆ ಹೇಳುತ್ತಿಲ್ಲ. ಚರ್ಚಿಲ್ 1940ರ ಮೇ 13ರಂದು ಹೇಳಿದ್ದು 'ಬ್ಲಡ್, ಟಾಯಿಲ್, ಟಿಯರ್ಸ್ ಅಂಡ್ ಸ್ವೆಟ್', ರಕ್ತ, ದುಡಿಮೆ, ಕಣ್ಣೀರು, ಬೆವರು. ನಾಲ್ಕು. ಲೋಕ ನೆನಪಿಟ್ಟುಕೊಂಡಿದ್ದು 'ಬ್ಲಡ್, ಸ್ವೆಟ್ ಅಂಡ್ ಟಿಯರ್ಸ್', ಮೂರು. ದುಡಿಮೆ ಬೆವರು ಎರಡೂ ಒಂದೇ ತರಹ ಇದ್ದವು, ಒಂದನ್ನು ಜನರ ನಾಲಿಗೆಯೇ ಕತ್ತರಿಸಿತು. ಕಣ್ಣೀರು ಕೊನೆಗೆ ಹೋಗಿದ್ದನ್ನೂ ಗಮನಿಸಿ.

ಎರಡು ಇದ್ದರೆ ತೂಗಿ ನೋಡಿದ ಹಾಗಿರುತ್ತದೆ, ಇದೋ ಅದೋ ಅಂತ. ಮೂರಕ್ಕೆ ಬಂದರೆ ಸಾಲು ಪೂರ್ತಿಯಾಯಿತು ಅನ್ನಿಸುತ್ತದೆ. ಆದರೆ ನಿಮ್ಮ ಹತ್ತಿರ ಎರಡೇ ವಿಷಯ ಇದ್ದಾಗ ಮೂರನೆಯದನ್ನು ಹುಟ್ಟಿಸಬೇಡಿ. ಕಚೇರಿ ಇಂಗ್ಲಿಷಿನಲ್ಲಿ 'ಎಫಿಷಿಯೆಂಟ್, ಎಫೆಕ್ಟಿವ್ ಅಂಡ್ ಪ್ರೊಡಕ್ಟಿವ್' ಅನ್ನುವ ಮೂರು ಪದಗಳು ಒಟ್ಟಿಗೆ ಬಂದರೆ ಅಲ್ಲಿರುವುದು ಒಂದೇ ಪದ.

'ಆಸ್ಕ್ ನಾಟ್ ವಾಟ್ ಯುವರ್ ಕಂಟ್ರಿ ಕ್ಯಾನ್ ಡೂ ಫಾರ್ ಯೂ' ತರಹದ ಸಾಲು ಬರೆಯುವುದು ಹೇಗೆ ಸರ್? ಒಂದಾದರೂ ನನ್ನಿಂದ ಆಗಬೇಕು.
(ಡಿಬೇಟ್ ಹುಚ್ಚಿನ ಹುಡುಗ)

ಕೆನಡಿ 1961ರ ಜನವರಿ 20ರಂದು ಅಧಿಕಾರ ವಹಿಸಿಕೊಂಡಾಗ ಹೇಳಿದ್ದು. ಅದರ ಉಳಿದರ್ಧ 'ಆಸ್ಕ್ ವಾಟ್ ಯೂ ಕ್ಯಾನ್ ಡೂ ಫಾರ್ ಯುವರ್ ಕಂಟ್ರಿ'. ಸಾಲು 'ಕಂಟ್ರಿ, ಯೂ' ಅಂತ ಹೋಗಿ 'ಯೂ, ಕಂಟ್ರಿ' ಅಂತ ವಾಪಸ್ ಬರುತ್ತದೆ. ಕೈಯಲ್ಲಿರುವ ಪದಗಳನ್ನೇ ಅದಲುಬದಲು ಮಾಡಿ ಕೇಳುವ ದಿಕ್ಕನ್ನೇ ತಿರುಗಿಸಿದ್ದಾರೆ. ಮಾಡುವುದು ಸುಲಭ, ಅಪಾಯ ಇರುವುದೂ ಅಲ್ಲೇ. ಯಾವುದೇ ಎರಡು ನಾಮಪದ ತಗೊಂಡು ತಿರುಗಿಸಿದರೆ ಏನೋ ಒಂದು ಬುದ್ಧಿಮಾತಿನ ತರಹ ಕೇಳಿಸುತ್ತದೆ. 'ವಿ ಡೋಂಟ್ ಓನ್ ಅವರ್ ಫೋನ್ಸ್, ಅವರ್ ಫೋನ್ಸ್ ಓನ್ ಅಸ್.' ನೋಡಿ, ಅರ್ಧ ನಿಮಿಷ ಹಿಡಿಯಲಿಲ್ಲ ನನಗೆ. ಒಳ್ಳೆಯದಾ? ಅಷ್ಟೇನಿಲ್ಲ. ಇಂಥದ್ದನ್ನು ಡಿಬೇಟಿನಲ್ಲಿ ಪ್ರತಿ ಹುಡುಗನೂ ಹೇಳುತ್ತಾನೆ. ತಿರುಗಿಸಿದ ಮೇಲೆ ಎರಡನೇ ಅರ್ಧ ನಿಜವಾ, ಅದನ್ನು ನೇರವಾಗಿ ಹೇಳಿದ್ದರೂ ಹೇಳುವ ಬೆಲೆ ಇತ್ತಾ ಅಂತ ಕೇಳಿಕೊಳ್ಳಿ. ಕೆನಡಿ ಸಾಲಿನಲ್ಲಿ ಇತ್ತು.

ಇದಕ್ಕಿಂತ ಕಲಿಯಲು ಒಳ್ಳೆಯದು ಎದುರುಬದುರು ಇಡುವ ವರಸೆ, ಆಂಟಿಥಿಸಿಸ್. ಅದರ ಅಚ್ಚು ಎಷ್ಟು ನಾಜೂಕು ಅಂತ ತಿಳಿಯಬೇಕಾದರೆ ಆರ್ಮ್‌ಸ್ಟ್ರಾಂಗ್ 1969ರ ಜುಲೈಯಲ್ಲಿ ಚಂದ್ರನ ಮೇಲೆ ಕಾಲಿಟ್ಟಾಗ ಹೇಳಿದ ಸಾಲು ಕೇಳಿ. 'ದಟ್ಸ್ ಒನ್ ಸ್ಮಾಲ್ ಸ್ಟೆಪ್ ಫಾರ್ ಮ್ಯಾನ್, ಒನ್ ಜಯಂಟ್ ಲೀಪ್ ಫಾರ್ ಮ್ಯಾನ್‌ಕೈಂಡ್.' ಒನ್‌ಗೆ ಒನ್, ಸ್ಮಾಲ್‌ಗೆ ಜಯಂಟ್, ಸ್ಟೆಪ್‌ಗೆ ಲೀಪ್, ಎಲ್ಲ ಜೋಡಿ ಜೋಡಿ. ಆದರೆ ಕೊನೆಯ ಜೋಡಿ ಕೂಡುವುದಿಲ್ಲ! ಬರೀ 'ಮ್ಯಾನ್' ಅಂದರೂ ಮನುಕುಲ, 'ಮ್ಯಾನ್‌ಕೈಂಡ್' ಅಂದರೂ ಮನುಕುಲ. ಒಂದೇ ಮನುಕುಲಕ್ಕೆ ಅದೇ ಹೆಜ್ಜೆ ಪುಟ್ಟದೂ ಹೌದು, ದೊಡ್ಡದೂ ಹೌದು ಅಂದ ಹಾಗಾಯಿತು. 'ಫಾರ್ ಎ ಮ್ಯಾನ್' ಅಂತ ಹೇಳುವುದು ತಮ್ಮ ಉದ್ದೇಶವಾಗಿತ್ತು ಅಂತ ಆರ್ಮ್‌ಸ್ಟ್ರಾಂಗ್ ಹೇಳಿದ್ದಾರೆ. ಆ 'ಎ' ಬಾಯಿಂದ ಬಂತಾ, ಧ್ವನಿಮುದ್ರಿಕೆಯಲ್ಲಿ ಕಳೆದುಹೋಯಿತಾ ಅಂತ ಇನ್ನೂ ವಾದ ನಡೆಯುತ್ತದೆ. ಅಷ್ಟಾದರೂ ಆ ಸಾಲು ಲೋಕಕ್ಕೆಲ್ಲ ಅರ್ಥವಾಯಿತು ನೋಡಿ, ಅಚ್ಚು ಅಷ್ಟು ಗಟ್ಟಿ ಇತ್ತು. ಕೇಳಿದವರು ಬಿಟ್ಟುಹೋದ 'ಎ'ಯನ್ನು ತಾವೇ ಹಾಕಿಕೊಂಡರು.

ನಾನು 'ವಾಸ್ ಡನ್', 'ವಾಸ್ ಗಿವನ್' ಅಂತ ಬರೆದ ಕೂಡಲೇ ಕಂಪ್ಯೂಟರ್ ನೀಲಿ ಗೆರೆ ಹಾಕುತ್ತದೆ. ಪ್ಯಾಸಿವ್ ವಾಯ್ಸ್, ಅಂದರೆ ಕರ್ಮಣಿ ಪ್ರಯೋಗ, ಅಷ್ಟು ಕೆಟ್ಟದ್ದಾ?
(ಸರ್ಕಾರಿ ನೌಕರ)

ಅಲ್ಲ. ಕಂಪ್ಯೂಟರಿಗೆ ಪ್ಯಾಸಿವ್ ಗುರುತಿಸಲು ಬರುತ್ತದೆ, ಅದು ಅಲ್ಲಿ ಯಾಕಿದೆ ಅನ್ನುವುದು ಅಷ್ಟಾಗಿ ಗೊತ್ತಾಗುವುದಿಲ್ಲ.

ಈ ಪ್ಯಾಸಿವ್ ದ್ವೇಷವನ್ನು ಜನಪ್ರಿಯ ಮಾಡಿದ್ದರಲ್ಲಿ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಪಾಲು ದೊಡ್ಡದು. ರಾಜಕೀಯ ಮತ್ತು ಇಂಗ್ಲಿಷ್ ಭಾಷೆ ಬಗ್ಗೆ 1946ರಲ್ಲಿ ಬರೆದ ಪ್ರಬಂಧದಲ್ಲಿ ಆರು ನಿಯಮ ಕೊಟ್ಟರು, ಆಕ್ಟಿವ್ ಆಗುವ ಕಡೆ ಪ್ಯಾಸಿವ್ ಬಳಸಲೇಬೇಡಿ ಅನ್ನುವುದು ಅದರಲ್ಲೊಂದು. ತಮಾಷೆ ಅಂದರೆ ಆ ಪ್ರಬಂಧದ ಮೊದಲ ವಾಕ್ಯದಲ್ಲೇ 'ಇಟ್ ಈಸ್ ಜನರಲಿ ಅಸ್ಯೂಮ್ಡ್' ಅಂತ ಪ್ಯಾಸಿವ್ ಇದೆ. ಆದರೆ ಅವರ ಆರನೇ ನಿಯಮವನ್ನು ಜನ ಮರೆಯುತ್ತಾರೆ: ಅಸಹ್ಯವಾಗಿ ಬರೆಯುವುದಕ್ಕಿಂತ ಈ ನಿಯಮಗಳನ್ನು ಮುರಿಯುವುದೇ ಮೇಲು.

ಕೆಟ್ಟ ಹೆಸರು ಬಂದದ್ದು ಸುಮ್ಮನೆ ಅಲ್ಲ. ಅಮೆರಿಕದ ಅಧ್ಯಕ್ಷ ಗ್ರಾಂಟ್ 1876ರಲ್ಲಿ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ 'ಮಿಸ್ಟೇಕ್ಸ್ ಹ್ಯಾವ್ ಬೀನ್ ಮೇಡ್' ಅಂದರು. ರೇಗನ್ 1987ರಲ್ಲಿ, ಇರಾನಿಗೆ ಶಸ್ತ್ರ ಮಾರಿದ ಹಗರಣ ಎದ್ದಾಗ, 'ಸೀರಿಯಸ್ ಮಿಸ್ಟೇಕ್ಸ್ ವರ್ ಮೇಡ್' ಅಂದರು. ತಪ್ಪು ನಡೆದಿದೆ, ಮಾಡಿದವರು ಯಾರೂ ಇಲ್ಲ. ಗ್ರಾಂಟ್ ಪರವಾಗಿ ಒಂದು ಮಾತು ಹೇಳಬೇಕು, ಅವರು ಆ ಸಾಲಿಗೇ 'ನಾನು ಒಪ್ಪುತ್ತೇನೆ' ಅಂತಲೂ ಸೇರಿಸಿದ್ದರು. ನಮಗೆ ಇದಕ್ಕೆ ಪ್ಯಾಸಿವ್ ಕೂಡ ಬೇಡ ಬಿಡಿ, 'ತಪ್ಪಾಗಿದೆ' ಅಂದರೆ ಮುಗಿಯಿತು.

ಆದರೆ ಅದೇ ಪ್ಯಾಸಿವ್ ಹಿಡಿದುಕೊಡಲೂ ಬರುತ್ತದೆ. 'ದ ಬ್ರಿಡ್ಜ್ ಕೊಲ್ಯಾಪ್ಸ್ಡ್ ಲಾಸ್ಟ್ ನೈಟ್. ಇಟ್ ವಾಸ್ ಬಿಲ್ಟ್ ಬೈ ದ ಮಿನಿಸ್ಟರ್ಸ್ ಬ್ರದರ್.' ಎರಡನೇ ವಾಕ್ಯವನ್ನು ಕಂಪ್ಯೂಟರ್ ಮಾತು ಕೇಳಿ 'ದ ಮಿನಿಸ್ಟರ್ಸ್ ಬ್ರದರ್ ಬಿಲ್ಟ್ ಇಟ್' ಮಾಡಿ ನೋಡಿ. ಸತ್ತುಹೋಯಿತು! ಪ್ಯಾಸಿವ್ ಇದ್ದಾಗ ಸೇತುವೆಯಿಂದ ಸೇತುವೆಗೆ ಮಾತು ಸಲೀಸಾಗಿ ದಾಟಿತ್ತು, ಮಂತ್ರಿಯ ತಮ್ಮ ವಾಕ್ಯದ ಕೊನೆಗೆ ಬಂದು ಬೆಳಕಿಗೆ ಬಿದ್ದಿದ್ದ. ವಾಕ್ಯದ ಕೊನೆಯ ಬಗ್ಗೆ ಮೇಲೆ ಹೇಳಿದ್ದೇ ಇಲ್ಲೂ ನಡೆಯುತ್ತಿರುವುದು. ಮಾಡಿದವರು ಯಾರು ಅನ್ನುವುದು ಮುಖ್ಯವಲ್ಲದ ಕಡೆಯೂ ಧಾರಾಳವಾಗಿ ಬಳಸಿ. 'ದ ಫೈಲ್ ವಾಸ್ ರಿಸೀವ್ಡ್ ಆನ್ ಮಂಡೇ' ಸಾಕು, ಯಾವ ಗುಮಾಸ್ತರು ಕೈಚಾಚಿದರು ಅನ್ನುವುದು ಯಾರಿಗೂ ಬೇಕಾಗಿಲ್ಲ. ಫೈಲು ಕಳೆದುಹೋಗಿದ್ದರೆ ಮಾತು ಬೇರೆ.

ನಮ್ಮ ಬ್ರಿಟಿಷ್ ಕ್ಲೈಂಟ್ 'ನಾಟ್ ಬ್ಯಾಡ್' ಅಂದರೆ ಹೊಗಳಿದ್ದಾ ಬೈದದ್ದಾ?
(ಸಾಫ್ಟ್‌ವೇರ್ ಕೆಲಸದವರು)

ಹೆಚ್ಚಾಗಿ ಹೊಗಳಿದ್ದೇ. ಇಲ್ಲ ಅನ್ನುವ ಮೂಲಕ ಹೌದು ಅನ್ನುವ ಈ ವರಸೆಗೆ ಲೈಟೋಟೀಸ್ ಅನ್ನುತ್ತಾರೆ, ಹಳೆಯ ಇಂಗ್ಲಿಷ್ ಕಾವ್ಯದಿಂದಲೂ ಇದೆ. ನಾವೂ 'ಪರವಾಗಿಲ್ಲ' ಅಂತೀವಲ್ಲ, ಹೇಳಿದವರ ಮುಖ ನೋಡದೆ ಅದರ ಅಳತೆ ಗೊತ್ತಾಗುವುದಿಲ್ಲ. ಹಾಗೇ 'ಕ್ವೈಟ್ ಗುಡ್' ಅಂದಾಗ ಹುಷಾರು. ಅಮೆರಿಕದವರ ಬಾಯಲ್ಲಿ ಅದು ತುಂಬಾ ಚೆನ್ನಾಗಿದೆ ಅಂತ, ಬ್ರಿಟಿಷರ ಬಾಯಲ್ಲಿ ಬಹಳ ಸಲ ತಕ್ಕಮಟ್ಟಿಗಿದೆ ಅಂತ.

ಕಮ್ಮಿ ಮಾಡಿ ಹೇಳುವುದರ ತುತ್ತತುದಿ ಬೇಕಾದರೆ ಇಲ್ಲಿದೆ. 1982ರ ಜೂನ್ 24ರ ರಾತ್ರಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಜಾವಾ ಹತ್ತಿರ ಗಾಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕಿತು. ನಾಲ್ಕೂ ಎಂಜಿನ್ ನಿಂತುಹೋದವು. ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ ಹೇಳಿದ್ದು: 'ನಮಗೊಂದು ಸಣ್ಣ ಸಮಸ್ಯೆ ಇದೆ. ನಾಲ್ಕೂ ಎಂಜಿನ್ ನಿಂತಿವೆ. ಮತ್ತೆ ಶುರು ಮಾಡಲು ಶಕ್ತಿಮೀರಿ ಪ್ರಯತ್ನ ಮಾಡುತ್ತಿದ್ದೇವೆ. ನಿಮಗೆ ತೀರಾ ಜಾಸ್ತಿ ಗಾಬರಿ ಆಗಿಲ್ಲ ಅಂತ ನಂಬಿದ್ದೇನೆ.' ಸಣ್ಣ ಸಮಸ್ಯೆಯಂತೆ! ಆದರೆ ಅವರು ಏನನ್ನೂ ಮುಚ್ಚಿಡಲಿಲ್ಲ, ಎರಡನೇ ವಾಕ್ಯದಲ್ಲೇ ಇರುವ ಸಂಗತಿ ಪೂರ್ತಿ ಹೇಳಿಬಿಟ್ಟರು. ಕಮ್ಮಿ ಮಾಡಿದ್ದು ಗಾಬರಿಯನ್ನು, ಸಂಗತಿಯನ್ನಲ್ಲ. ಎಂಜಿನ್‌ಗಳು ಮತ್ತೆ ಓಡಿದವು, ವಿಮಾನ ಜಕಾರ್ತದಲ್ಲಿ ಇಳಿಯಿತು, ಎಲ್ಲರೂ ಬದುಕಿದರು.

ನಿಮ್ಮ ಕ್ಲೈಂಟ್ ವಿಷಯಕ್ಕೆ ಬಂದರೆ, 'ನಾಟ್ ಬ್ಯಾಡ್' ಅಂದಾಗ ಖುಷಿಪಡಿ. 'ವಿತ್ ರೆಸ್ಪೆಕ್ಟ್' ಅಂತ ಶುರು ಮಾಡಿದಾಗ ಮಾತ್ರ ಗಟ್ಟಿಯಾಗಿ ಕೂತುಕೊಳ್ಳಿ, ಮುಂದೆ ಬರುವುದು ತಕರಾರು.

'ಅಂಡ್' ಮೊದಲು ಕಾಮಾ ಹಾಕಬೇಕಾ ಬೇಡವಾ? ಮೇಷ್ಟ್ರು ಒಂದು ಹೇಳುತ್ತಾರೆ, ಪುಸ್ತಕ ಇನ್ನೊಂದು ಹೇಳುತ್ತದೆ.

ಇಬ್ಬರೂ ಸರಿ. ಮೂರು ನಾಲ್ಕು ವಸ್ತುಗಳ ಪಟ್ಟಿಯಲ್ಲಿ ಕೊನೆಯ 'ಅಂಡ್' ಅಥವಾ 'ಆರ್' ಹಿಂದೆ ಬರುವ ಕಾಮಾಕ್ಕೆ ಆಕ್ಸ್‌ಫರ್ಡ್ ಕಾಮಾ ಅಂತ ಹೆಸರು, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅದನ್ನು ಹಾಕುವ ಪದ್ಧತಿ ಇಟ್ಟುಕೊಂಡಿದ್ದರಿಂದ. ಪತ್ರಿಕೆಗಳವರು ಸಾಮಾನ್ಯವಾಗಿ ಬಿಡುತ್ತಾರೆ. ಇಷ್ಟಕ್ಕೇ ಮುಗಿಸಬಹುದಿತ್ತು, ಆದರೆ ಇದರ ಮೇಲೊಂದು ಕೋರ್ಟ್ ಕೇಸ್ ಇದೆ, ಹೇಳದೆ ಇರಲು ಆಗುತ್ತಿಲ್ಲ.

ಅಮೆರಿಕದ ಮೇನ್ ರಾಜ್ಯದಲ್ಲಿ ಓವರ್‌ಟೈಮ್ ಕಾನೂನು. ಯಾವ ಕೆಲಸದವರಿಗೆ ಓವರ್‌ಟೈಮ್ ಇಲ್ಲ ಅಂತ ಒಂದು ಪಟ್ಟಿ: 'ಕ್ಯಾನಿಂಗ್, ಪ್ರೊಸೆಸಿಂಗ್, ಪ್ರಿಸರ್ವಿಂಗ್, ಫ್ರೀಜಿಂಗ್, ಡ್ರೈಯಿಂಗ್, ಮಾರ್ಕೆಟಿಂಗ್, ಸ್ಟೋರಿಂಗ್, ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಅಂತ, ಕೃಷಿ ಉತ್ಪನ್ನ ಮುಂತಾದವುಗಳ ಕೆಲಸ. 'ಶಿಪ್‌ಮೆಂಟ್' ಆದ ಮೇಲೆ ಕಾಮಾ ಇಲ್ಲ. ಓಕ್‌ಹರ್ಸ್ಟ್ ಅನ್ನುವ ಡೈರಿಯ ಲಾರಿ ಚಾಲಕರು ಕೋರ್ಟಿಗೆ ಹೋದರು. ನಾವು ಹಾಲು ಸಾಗಿಸುತ್ತೇವೆ, ಪ್ಯಾಕ್ ಮಾಡುವುದಿಲ್ಲ, ಇಲ್ಲಿ ಹೇಳಿರುವುದು ಸಾಗಣೆಗೋ ವಿತರಣೆಗೋ ಪ್ಯಾಕ್ ಮಾಡುವ ಕೆಲಸ ಮಾತ್ರ, ವಿತರಣೆ ಅನ್ನುವುದು ಬೇರೆ ಕೆಲಸವಾಗಿ ಪಟ್ಟಿಯಲ್ಲೇ ಇಲ್ಲ, ಆದ್ದರಿಂದ ನಮಗೆ ಓವರ್‌ಟೈಮ್ ಕೊಡಿ ಅಂತ ವಾದ.

ಕಾಮಾಕ್ಕಿಂತ ನನಗೆ ಹಿಡಿಸಿದ್ದು ಅವರ ಇನ್ನೊಂದು ವಾದ. ಪಟ್ಟಿಯ ಕೆಲಸಗಳೆಲ್ಲ 'ಇಂಗ್' ಅಂತ ಮುಗಿಯುತ್ತವೆ. 'ಡಿಸ್ಟ್ರಿಬ್ಯೂಷನ್' ಒಂದು ಹಾಗಿಲ್ಲ, ಅದು 'ಶಿಪ್‌ಮೆಂಟ್' ಜೊತೆ ಹೊಂದುತ್ತದೆ. ಅಂದರೆ ಅವೆರಡೂ 'ಪ್ಯಾಕಿಂಗ್ ಫಾರ್' ಅನ್ನುವುದಕ್ಕೆ ನೇತಾಡುತ್ತಿವೆ. ಒಂದೇ ದರ್ಜೆಯ ಮಾತುಗಳನ್ನು ಒಂದೇ ಅಚ್ಚಿನಲ್ಲಿ ಹೇಳುವ ಈ ಪದ್ಧತಿಯನ್ನು ಪ್ಯಾರಲಲಿಸಂ ಅಂತ ಶಾಲೆಯಲ್ಲಿ ಹೇಳಿಕೊಟ್ಟಾಗ ನಾವು ಆಕಳಿಸಿರುತ್ತೇವೆ. 2017ರಲ್ಲಿ ಮೇಲ್ಮನವಿ ಕೋರ್ಟ್ ಚಾಲಕರ ಕಡೆ ತೀರ್ಪು ಕೊಟ್ಟಿತು, ಕಾನೂನು ಎರಡರ್ಥಕ್ಕೆ ಎಡೆ ಕೊಡುತ್ತದೆ ಅಂತ. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಮೇನ್ ರಾಜ್ಯ ಆಮೇಲೆ ಆ ಪಟ್ಟಿಗೆ ಸೆಮಿಕೋಲನ್‌ಗಳನ್ನು ಹಾಕಿ, 'ಡಿಸ್ಟ್ರಿಬ್ಯೂಟಿಂಗ್' ಅಂತ ತಿದ್ದಿಕೊಂಡಿತು.

ಹಾಗಾಗಿ ಹಾಕಿದರೂ ಸರಿ, ಬಿಟ್ಟರೂ ಸರಿ, ಒಂದು ಬರಹದಲ್ಲಿ ಒಂದೇ ತರಹ ಇರಲಿ. ದುಡ್ಡಿನ ಕಾಗದಪತ್ರ ಬರೆಯುವಾಗ ಮಾತ್ರ ಹಾಕಿಬಿಡಿ.

ಅನುಪ್ರಾಸ ಇಂಗ್ಲಿಷಿನಲ್ಲೂ ಇದೆಯಾ?

ಇದೆ, ಅಲಿಟರೇಷನ್ ಅಂತ. ಅಲ್ಲಿ ಲೆಕ್ಕ ದನಿಯದ್ದು, ಅಕ್ಷರದ್ದಲ್ಲ. 'ನೈಫ್', 'ನೀಡಲ್' ಅನುಪ್ರಾಸವಾಗುತ್ತವೆ, 'ಸಿಟಿ', 'ಕ್ಯಾಟ್' ಆಗುವುದಿಲ್ಲ, ಇಂಗ್ಲಿಷ್ ಸ್ಪೆಲಿಂಗ್ ಏನೇ ಹೇಳಲಿ. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ತಕ್ಷಣ ಗೊತ್ತಾಗುತ್ತದೆ. ಅತಿಯಾದರೆ ನಗು ಬರುತ್ತದೆ, ಕೆಲವರು ಬೇಕಂತಲೇ ಅತಿ ಮಾಡುತ್ತಾರೆ. 1970ರಲ್ಲಿ ಅಮೆರಿಕದ ಉಪಾಧ್ಯಕ್ಷ ಆಗ್ನ್ಯೂ ತಮ್ಮ ಟೀಕಾಕಾರರನ್ನು 'ನ್ಯಾಟರಿಂಗ್ ನೇಬಾಬ್ಸ್ ಆಫ್ ನೆಗೆಟಿವಿಸಂ' ಅಂತ ಬೈದರು. ಬರೆದುಕೊಟ್ಟವರು ವಿಲಿಯಂ ಸಫೈರ್. ನೇಬಾಬ್ ಬೇರೆ ಯಾರೂ ಅಲ್ಲ, ನಮ್ಮ ನವಾಬನೇ.

ವಾಕ್ಯವನ್ನು 'ಬಟ್' ಅಂತ ಶುರು ಮಾಡಬಾರದು, 'ವಿತ್' ಅಂತ ಮುಗಿಸಬಾರದು, 'ಟು' ಮತ್ತು ಕ್ರಿಯಾಪದದ ನಡುವೆ ಏನೂ ತುರುಕಬಾರದು. ಇವೆಲ್ಲ ನಿಜವಾ?
(ನಿವೃತ್ತ ಶಿಕ್ಷಕರು)

ಮೂರೂ ಸುಳ್ಳು, ಮೇಷ್ಟ್ರೇ. 'ಬಟ್' ಶುರುವಿನಲ್ಲಿ ಧಾರಾಳವಾಗಿ ಬರಬಹುದು. 'ವಿತ್', 'ಫಾರ್' ಕೊನೆಗೆ ಬರಬಾರದು ಅನ್ನುವ ತಕರಾರು ಕವಿ ಡ್ರೈಡನ್ 1672ರಲ್ಲಿ ತೆಗೆದದ್ದು, ಲ್ಯಾಟಿನ್ ಗುಂಗಿನಲ್ಲಿದ್ದವರು ಅದನ್ನೇ ಹಿಡಿದುಕೊಂಡರು. ಮೂರನೆಯದು 19ನೇ ಶತಮಾನದ ವ್ಯಾಕರಣದವರ ಹಟ. ಆದರೂ ಒಂದು ಮಾತು. ಪರೀಕ್ಷೆ ತಿದ್ದುವವರು ಇವನ್ನು ನಂಬಿದ್ದರೆ ಮಕ್ಕಳ ಅಂಕ ಹೋಗುತ್ತದೆ, ಅಲ್ಲಿ ಹಟ ಮಾಡಬೇಡಿ.

ಡ್ಯಾಶ್ ಹಾಕಿದ್ದಕ್ಕೆ, 'ನಾಟ್ ದಿಸ್, ಬಟ್ ದಟ್' ಅಂತ ಬರೆದಿದ್ದಕ್ಕೆ ನನ್ನ ಲೇಖನವನ್ನು ಎಐ ಬರೆದಿದ್ದು ಅಂತ ವಾಪಸ್ ಕಳಿಸಿದರು. ನಾನೇ ಬರೆದಿದ್ದು, ದೇವರಾಣೆ. ಇನ್ನು ಹೇಗೆ ಬರೆಯಲಿ?
(ಹವ್ಯಾಸಿ ಬರಹಗಾರ್ತಿ)

ನಂಬುತ್ತೇನೆ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಈ ಗೋಳು ಹೆಚ್ಚಾಗಿದೆ. ಡ್ಯಾಶ್ ನೋಡಿ ಯಂತ್ರ ಅನ್ನುವುದು ಪೂರಾ ಅನ್ಯಾಯ. 19ನೇ ಶತಮಾನದ ಎಮಿಲಿ ಡಿಕಿನ್ಸನ್ ಕವಿತೆಗಳ ತುಂಬ ಬರೀ ಡ್ಯಾಶ್. ಮೂರರ ಗುಂಪು, ಎದುರುಬದುರು, ಪ್ರಶ್ನೆ ಕೇಳಿ ತಾನೇ ಉತ್ತರ ಹೇಳುವುದು, ಇವೆಲ್ಲ ಗ್ರೀಕರ, ರೋಮನ್ನರ ಕಾಲದಿಂದ ಬಂದ ವರಸೆಗಳು. ಯಂತ್ರ ಕಲಿತದ್ದು ಮನುಷ್ಯರ ಬರಹದಿಂದ ತಾನೇ?

ಆದರೆ ವಾಪಸ್ ಕಳಿಸಿದವರಿಗೆ ಏನೋ ಇರುಸುಮುರುಸು ಆಗಿದೆಯಲ್ಲ, ಅದನ್ನೂ ನೋಡೋಣ. ನಿಮ್ಮ ಲೇಖನದ ಈ ಸಾಲು: 'ಗಾರ್ಡನಿಂಗ್ ಈಸ್ ನಾಟ್ ಜಸ್ಟ್ ಎ ಹಾಬಿ, ಇಟ್ ಈಸ್ ಎ ವೇ ಆಫ್ ಲೈಫ್.' ತೋಟಗಾರಿಕೆ ಬರೀ ಹವ್ಯಾಸ ಅಂತ ಯಾರು ವಾದ ಮಾಡಿದ್ದರು? ಯಾರೂ ಇಲ್ಲ. ಇಲ್ಲದ ಎದುರಾಳಿಯನ್ನು ನಿಲ್ಲಿಸಿ ಬೀಳಿಸಿದ್ದೀರಿ. ಇದಲ್ಲ ಅದು ಅನ್ನುವ ವರಸೆ ಕೆಲಸ ಮಾಡಬೇಕಾದರೆ, ಇದು ಅಂತ ನಿಜವಾಗಿ ನಂಬಿದವರು ಯಾರಾದರೂ ಇರಬೇಕು. ಕೆನಡಿ ಎದುರಿಗೆ ಅಂಥವರು ಇದ್ದರು, ದೇಶ ನನಗೇನು ಕೊಡುತ್ತೆ ಅಂತ ಕೇಳುವವರು ಎಲ್ಲ ದೇಶದಲ್ಲೂ ಇರುತ್ತಾರೆ. ಮೊದಲ ಅರ್ಧವನ್ನು ಅಳಿಸಿ ನೋಡಿ. ಏನೂ ಕಳೆದುಹೋಗದಿದ್ದರೆ ಅದು ಬೇಡ. ನಿಮ್ಮ ಸಾಲಿನಲ್ಲಿ ಎರಡನೇ ಅರ್ಧವನ್ನೂ ಅಳಿಸಬಹುದು ಅಂತ ನನಗನ್ನಿಸಿತು, ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು, ನಿಮ್ಮ ಪ್ರತಿ ಪ್ಯಾರಾ ಒಂದು ಘೋಷಣೆಯ ಮೇಲೆ ಮುಗಿಯುತ್ತದೆ. ವರಸೆಗಳು ಎಲ್ಲ ಕಡೆ ಸಮವಾಗಿ ಹರಡಿಕೊಂಡಾಗ ಓದುವವರಿಗೆ ಯಂತ್ರದ ವಾಸನೆ ಬರುತ್ತದೆ, ಬರೆದವರು ಮನುಷ್ಯರೇ ಆಗಿದ್ದರೂ. ಅದೇ ಲೇಖನದ ನಡುವೆ ಹೂಕುಂಡದ ಅಡಿಯಲ್ಲಿ ಬಸವನಹುಳುವಿನ ಮೊಟ್ಟೆ ಸಿಕ್ಕಿದ ಎರಡು ಸಾಲು ಇವೆ. ಅಲ್ಲಿ ಒಂದು ಅಲಂಕಾರವೂ ಇಲ್ಲ, ಡ್ಯಾಶೂ ಇಲ್ಲ, ಚೆನ್ನಾಗಿದೆ. ಅಲ್ಲಿಂದ ಶುರು ಮಾಡಿ ಮತ್ತೆ ಬರೆಯಿರಿ.

ಅನಾಫೊರಾ, ಲೈಟೋಟೀಸ್ ತರಹದ ಈ ಗ್ರೀಕ್ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಲೇಬೇಕಾ?

ಪರೀಕ್ಷೆ ಇದ್ದರೆ ಮಾಡಿ. ಇಲ್ಲದಿದ್ದರೆ ಬೇಡ. 1589ರಲ್ಲಿ ಪುಟನ್‌ಹ್ಯಾಮ್ ಅನ್ನುವ ಇಂಗ್ಲಿಷ್ ಲೇಖಕರಿಗೂ ಈ ಹೆಸರುಗಳು ಸಾಕಾಗಿ, ಇಂಗ್ಲಿಷಿನಲ್ಲೇ ಅಡ್ಡಹೆಸರು ಇಟ್ಟರು. ಅತಿಶಯೋಕ್ತಿಗೆ ಅವರು ಕೊಟ್ಟ ಹೆಸರುಗಳಲ್ಲಿ ಒಂದು 'ಲೌಡ್ ಲಯರ್', ಅಂದರೆ ಗಟ್ಟಿಗಂಟಲಿನ ಸುಳ್ಳ.

ಉತ್ತರ ಬೇಡದ ಪ್ರಶ್ನೆಗೂ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕಾ?

ಸಾಮಾನ್ಯವಾಗಿ ಹಾಕಬೇಕು. ದನಿ ಪ್ರಶ್ನೆಯ ಹಾಗೆ ಏರದೆ ನಿಟ್ಟುಸಿರಿನ ಹಾಗೆ ಇಳಿಯಲಿ ಅಂತಿದ್ದರೆ ಪೂರ್ಣವಿರಾಮ ಇಟ್ಟರೂ ನಡೆಯುತ್ತದೆ. ಎರಡು ಮೂರು ಚಿಹ್ನೆ ಒಟ್ಟಿಗೆ ಹಾಕುವುದನ್ನು ವಾಟ್ಸಾಪಿಗೆ ಬಿಡಿ.